ತೂಬು ಮುಚ್ಚಿ ಬಂದ ಈಶಪ್ಪ

ಇಪ್ಪತ್ತೆರಡು ವರ್ಷ ನನ್ನ ಮೇಲೆ ಸುಳ್ಳು ಆಪಾದನೆ ಹೊರಿಸಿ, ಎದುರಿಗೆ ಸಿಕ್ಕಾಗಲೆಲ್ಲ ಮುಖ ತಿರುವಿ, ನನ್ನ ಹೆಸರು ಹಿಡಿದು ತನ್ನ ಆಡುಗಳನ್ನು ಬೈದ ಮನುಷ್ಯನ ಕಥೆಯನ್ನು ನಾನೇ ಬರೆಯಬೇಕಾಗಿ ಬಂದಿದೆ. ಬೇರೆ ಯಾರಾದರೂ ಬರೆದಾರು ಎಂದು ಕಾದೆ. ನಮ್ಮೂರಲ್ಲಿ ಬರೆಯುವವರು ಇಬ್ಬರೇ. ಒಬ್ಬ ಗ್ರಾಮಲೆಕ್ಕಿಗ, ಅವನು ಪಹಣಿ ಬಿಟ್ಟು ಬೇರೇನೂ ಬರೆಯುವುದಿಲ್ಲ. ಇನ್ನೊಬ್ಬ ನಾನು, ಅಂಬ್ರಪ್ಪ ಮಾಸ್ತರ, ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ಮನೆಗೆ ಬಂದು ಕೂತವನು. ಈ ಬರಹಕ್ಕೆ ಈಶಪ್ಪನ ಒಪ್ಪಿಗೆ ಇಲ್ಲ, ಅವನ ಹೆಂಡತಿ ಕರೆಮ್ಮನ ಒಪ್ಪಿಗೆ ಇದೆ. ಅವರ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಊರಿಗೆಲ್ಲ ಗೊತ್ತಿರುವುದರಿಂದ ನಾನು ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮೂರು ಶಹಾಪುರದಿಂದ ವನದುರ್ಗದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿದೆ. ಕಾಲುವೆ ಬರುವ ಮುಂಚೆ ನಮ್ಮದು ಜೋಳ, ತೊಗರಿ, ಶೇಂಗಾ ತಿಂದು ಬದುಕಿದ ಊರು. ನೀರು ಬಂದ ವರ್ಷ ಊರೆಲ್ಲ ಕಾಲುವೆ ದಂಡೆಯ ಮೇಲೆ ನಿಂತು ಕಾಯಿ ಒಡೆಯಿತು. ಆಮೇಲೆ ಎಲ್ಲರಿಗೂ ಒಂದು ಹುಚ್ಚು ಹತ್ತಿತು. ಇವತ್ತು ಬಂದ ನೀರು ನಾಳೆ ಬಂದೀತೋ ಇಲ್ಲವೋ ಎಂದು ಬೇಕಿದ್ದವರೂ ಬೇಡದವರೂ ಹೊಲಕ್ಕೆ ನೀರು ಬಿಟ್ಟುಕೊಂಡರು. ಸಾವಿರ ವರ್ಷ ಮುಗಿಲು ನೋಡಿ ಕುತ್ತಿಗೆ ನೋವು ಮಾಡಿಕೊಂಡವರಿಗೆ ಕಾಲ ಬುಡದಲ್ಲಿ ನೀರು ಕಂಡರೆ ಇನ್ನೇನಾಗುತ್ತದೆ?

ಹುಚ್ಚು ಹತ್ತದವನು ಈಶಪ್ಪ ಒಬ್ಬನೇ. ಉದ್ದಕ್ಕೆ ಒಣಗಿದ ಆಳು, ಹಿಡಿದದ್ದು ಬಿಡದ ಸ್ವಭಾವ. ಆಂಧ್ರದಿಂದ ಬಂದವರು ಪಕ್ಕದಲ್ಲೇ ಕ್ಯಾಂಪು ಮಾಡಿಕೊಂಡು ಭತ್ತ ಹಚ್ಚಿದರು, ಅವರನ್ನು ನೋಡಿ ನಾವೂ ಹಚ್ಚಿದೆವು. ಈಶಪ್ಪ ಮಾತ್ರ ತನ್ನ ಮೂರು ಎಕರೆಗೆ ಜೋಳವನ್ನೇ ಬಿತ್ತಿದ. "ಅನ್ನ ಉಂಡ ಹೊಟ್ಟಿ ಊರ ಅಗಸಿ ದಾಟೂದ್ರಾಗ ಖಾಲಿ ಆಗ್ತದ," ಎನ್ನುತ್ತಿದ್ದ. ಬೇಕಾದಷ್ಟೇ ನೀರು ಹಾಯಿಸಿ, ಸಂಜೆ ಕಾಲುವೆಯ ನೀರು ಹೊಲಕ್ಕೆ ಇಳಿಯುವ ತೂಬಿನ ಬಾಯಿಗೆ ಚೀಲ ತುರುಕಿ, ಮೇಲೊಂದು ಕಲ್ಲಿಟ್ಟು, ಮಣ್ಣು ಮೆತ್ತಿ ಮನೆಗೆ ಬರುತ್ತಿದ್ದ. ಬೆಳಿಗ್ಗೆ ಹೊತ್ತೇರಿದ ಮೇಲೆ ಹೋಗಿ ನೋಡಿದರೆ ಕಲ್ಲು ಒಂದು ಕಡೆ, ಚೀಲ ಒಂದು ಕಡೆ, ಜೋಳ ಮೊಣಕಾಲು ನೀರಿನಲ್ಲಿ.

ಈಗ ನಮ್ಮಿಬ್ಬರ ಹೊಲಗಳ ವಿಷಯ ಹೇಳಬೇಕು. ಈಶಪ್ಪನ ಹೊಲ ಬೋಗುಣಿಯ ಹಾಗೆ ತಗ್ಗು. ಅದರ ಆಚೆ ನನ್ನ ಎರಡು ಎಕರೆ, ಹಳ್ಳದ ಕಡೆಗೆ ಇಳಿಜಾರು. ಅವನ ಹೊಲ ತುಂಬಿ ಹೊರಚೆಲ್ಲಿದ ನೀರು ನನ್ನ ಗದ್ದೆಗೆ ಬಂದು, ಅಲ್ಲಿಂದ ಬಸಿದು ಹಳ್ಳ ಸೇರುತ್ತಿತ್ತು. ಅವನ ಜೋಳ ಹಳದಿಯಾಗುತ್ತಿತ್ತು, ನನ್ನ ಭತ್ತ ಹಸಿರಾಗುತ್ತಿತ್ತು. ಇಷ್ಟು ಕಂಡ ಮೇಲೆ ಕಳ್ಳನನ್ನು ಹುಡುಕಲು ಈಶಪ್ಪನಿಗೆ ಪೊಲೀಸರು ಬೇಕಾಗಲಿಲ್ಲ. ಚಹಾದ ಅಂಗಡಿಯಲ್ಲಿ ನಿಂತು ಸಾರಿಬಿಟ್ಟ: "ನಾ ತೂಬು ಮುಚ್ಚೇ ಬಂದಿದ್ದೆ. ತೆಗದಂವ ಮಾಸ್ತರ."

ನಾನು ತೆಗೆದಿರಲಿಲ್ಲ. ಬಂದ ನೀರನ್ನು ಬೇಡ ಅನ್ನಲೂ ಇಲ್ಲ, ಅದು ಬೇರೆ ಮಾತು.

ಪಂಚಾಯಿತಿ ಕೂತಿತು. "ನೀ ಮುಚ್ಚಿದ್ದಕ್ಕ ಸಾಕ್ಷಿ ಯಾರಪಾ?" ಎಂದು ಹಿರಿಯರು ಕೇಳಿದರು. ಈಶಪ್ಪ ಎದೆಯುಬ್ಬಿಸಿ, "ನನ್ನ ಹೇಣ್ತಿನ್ನ ಕೇಳ್ರಿ," ಅಂದ. ಕರೆಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಮ್ಮ ಮನಿಯಾಂವ ರುಮಾಲ ತಲಿಗಿ ಸುತ್ಕೊಂಡು, ನನ್ನ ರುಮಾಲ ಎಲ್ಲಿ ಹೋತು ಅಂತ ಮನಿಯೆಲ್ಲಾ ಹುಡಕ್ತಾನ. ತೂಬು ಮುಚ್ಯಾನೋ ಬಿಟ್ಟಾನೋ ನಾ ಏನ್ ಹೇಳ್ಲಿ?" ಅಂದಳು. ಕಟ್ಟೆಯ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆಯೇ ತೀರ್ಪಾಯಿತು. ನನ್ನ ಮೇಲಿನ ಆಪಾದನೆ ಬಿದ್ದುಹೋಯಿತು, ಈಶಪ್ಪ ಮರೆಗುಳಿ ಎಂದು ಊರು ನಿರ್ಧರಿಸಿತು. ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ.

ಮೂರು ವರ್ಷ ಜೋಳ ಕೊಳೆಯಿತು. ನಾಲ್ಕನೆಯ ವರ್ಷ ಸೋತು ಅವನೂ ಭತ್ತ ಹಚ್ಚಿದ. ಒಂದೆರಡು ಸಲ ಬೆಳೆಯೂ ಬಂತು. ಆಮೇಲೆ ಒಂದು ಬೇಸಿಗೆಯಲ್ಲಿ ಹೊಲದ ಮೇಲೆ ಯಾರೋ ಹಿಟ್ಟು ಚೆಲ್ಲಿ ಹೋದ ಹಾಗೆ ಬೆಳ್ಳಗೆ ಕಾಣಿಸಿಕೊಂಡಿತು. ಸವಳು. ನೀರು ನಿಂತು ನಿಂತು, ನೆಲದೊಳಗಿನ ಉಪ್ಪೆಲ್ಲ ಮೇಲೆ ಬಂದಿತ್ತು. ಅಲ್ಲಿಗೆ ಭತ್ತವೂ ಮುಗಿಯಿತು, ಜೋಳವೂ ಮುಗಿಯಿತು, ಹುಲ್ಲು ಕೂಡ ಹುಟ್ಟದಂತಾಯಿತು. ಊರು ಅವನಿಗೆ ಉಪ್ಪಿನ ಈಶಪ್ಪ ಎಂದು ಹೆಸರಿಟ್ಟಿತು. ಸಾರಿಗೆ ಉಪ್ಪು ಕಡಿಮೆಯಾದರೆ, "ಈಶಪ್ಪನ ಹೊಲದಾಗ ಒಮ್ಮಿ ಅದ್ದಿ ತಾ," ಎಂದು ಹೆಂಗಸರು ನಗುತ್ತಿದ್ದರು. ಅವನು ನಾಲ್ಕು ಆಡು ಕಟ್ಟಿಕೊಂಡ, ನಾಟಿ ಬಂದಾಗಷ್ಟೇ ಕ್ಯಾಂಪಿಗೆ ಕೂಲಿ ಹೋಗುತ್ತಿದ್ದ ಕರೆಮ್ಮ ಈಗ ವರ್ಷವಿಡೀ ಹೋದಳು. ಕೂಲಿಯಿಂದ ಬಂದ ಮೇಲೆ ದಿನಕ್ಕೊಮ್ಮೆ ತಪ್ಪದೆ ಅವನನ್ನು ಬೈದಳು. ಅವಳ ಬೈಗುಳ ಹೇಗಿತ್ತೆಂದರೆ, ಎರಡು ಮನೆ ಆಚೆ ಕೂತಿದ್ದ ನನಗೇ ತಪ್ಪು ನನ್ನದೇನೋ ಅನ್ನಿಸುತ್ತಿತ್ತು.

ಈಶಪ್ಪ ಒಂದು ಮಾತು ಬಿಡಲಿಲ್ಲ. ಮದುವೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಸೂಜಿ ಚುಚ್ಚಲು ಬಂದ ನರ್ಸಮ್ಮನ ಎದುರಿಗೆ, ಕೇಳಿದವರಿಗೂ ಕೇಳದವರಿಗೂ ಹೇಳಿದ: "ನಾ ತೂಬು ಮುಚ್ಚೇ ಬಂದಿದ್ದೆ." ಹೊಲ ಹೋದದ್ದಕ್ಕಿಂತ ತನ್ನ ಮಾತನ್ನು ಯಾರೂ ನಂಬಲಿಲ್ಲ ಎಂಬುದೇ ಅವನನ್ನು ತಿಂದದ್ದು. ಒಬ್ಬರಾದರೂ, ಸಾಯುವುದರೊಳಗೆ ಒಬ್ಬರಾದರೂ, ಹೌದಪ್ಪಾ ನೀನು ಮುಚ್ಚಿದ್ದೆ ಅನ್ನಬೇಕಾಗಿತ್ತು ಅವನಿಗೆ.

ಜನಗಣತಿ ಬಂದಾಗ ಮಾಸ್ತರರೇ ಮನೆಮನೆಗೆ ಹೋಗಬೇಕಲ್ಲ. ಹೋದೆ. ಈಶಪ್ಪ ಅಂಗಳದಲ್ಲಿ ಗೂಟಕ್ಕೆ ಕಟ್ಟಿದ ಆಡಿನ ಮುಂದೆ ಕೂತಿದ್ದ.

"ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದು ಕೇಳಿದೆ.

ಅವನು ಆಡಿನ ಕಡೆ ತಿರುಗಿ, "ಇಬ್ಬರದೀವಿ, ಮಗಳನ್ನ ಕಕ್ಕೇರಾಕ್ಕ ಕೊಟ್ಟೀವಿ ಅಂತ ಹೇಳು," ಅಂದ.

"ಉದ್ಯೋಗ?"

"ಮೊದಲ ರೈತ ಇದ್ದ, ಆಮ್ಯಾಲ ಯಾರೋ ಅವನ ತೂಬು ತೆಗದರು ಅಂತ ಹೇಳು."

ನನಗೂ ಸಿಟ್ಟು ಬಂತು. ನಾನೂ ಆಡಿಗೇ ಹೇಳಿದೆ: "ಅದನ್ನ ಬರ್ಯಾಕ ನಮೂನಿಯೊಳಗ ಜಾಗ ಇಲ್ಲ ಅಂತ ಹೇಳು." ಆಡು ನನ್ನ ಕೈಯಲ್ಲಿದ್ದ ನಮೂನೆಯ ಮೂಲೆ ಕಚ್ಚಿತು. ಸರ್ಕಾರದ ಕಾಗದವನ್ನು ಆಡಿನ ಬಾಯಿಂದ ಬಿಡಿಸಿಕೊಳ್ಳುವ ಕೆಲಸ ನಾವಿಬ್ಬರೂ ಕೂಡಿಯೇ ಮಾಡಿದೆವು, ಮಾತಿಲ್ಲದೆ.

ಹೀಗೇ ಇಬ್ಬರೂ ಮುದುಕರಾಗುತ್ತಿದ್ದೆವು. ಅಷ್ಟರಲ್ಲಿ ರಾಬಿಯಾ ಬಂದಳು.

ಊರ ಹೊರಗೆ ಖಾಜಾಮಿಯಾರ ಹೊಲಮನೆ ಎಂಬುದೊಂದಿದೆ. ನಿಜಾಮರ ಕಾಲದ್ದು, ಮೊಳ ದಪ್ಪದ ಕಲ್ಲುಗೋಡೆ, ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರು, ನಮ್ಮ ಕಡೆ ಅದಕ್ಕೇ ಮಾಳಿಗೆ ಅನ್ನುತ್ತೇವೆ. ಖಾಜಾಮಿಯಾರು ತೀರಿಕೊಂಡ ಮೇಲೆ ಅದರಲ್ಲಿ ಬಾವಲಿಗಳ ಸಂಸಾರವಿತ್ತು. ರಾಬಿಯಾ ಅವರ ಮೊಮ್ಮಗಳು, ಕಲಬುರಗಿಯಲ್ಲಿ ಇಂಜಿನಿಯರು. ಅವಳು ಬಂದು ಮನೆ ರಿಪೇರಿ ಮಾಡಿಸಿ, ರಜೆಗೆ ಬರುವವರು ಇಳಿದುಕೊಳ್ಳುವ ಕಾಟೇಜು ಮಾಡುತ್ತೇನೆ ಎಂದಾಗ ಊರು ನಂಬಲಿಲ್ಲ. ಎತ್ತು ಕಟ್ಟುತ್ತಿದ್ದ ಕೊಟ್ಟಿಗೆ ಒಂದು ಕೋಣೆ, ಕಾಳು ತುಂಬುತ್ತಿದ್ದ ಕಣಜ ಇನ್ನೊಂದು, ಹೊಟ್ಟು ಹಾಕುತ್ತಿದ್ದದ್ದು ಮತ್ತೊಂದು, ಪಡಸಾಲೆ ನಾಲ್ಕನೆಯದು. ಹೈದರಾಬಾದಿನವರು ಕಾರಿನಲ್ಲಿ ಬಂದು ಕೊಟ್ಟಿಗೆಯೇ ಬೇಕೆಂದು ಜಗಳವಾಡಿ ಇಳಿದುಕೊಂಡರು. ಗೋದಲಿಯ ಪಕ್ಕ ಮಲಗಿ ಫೋಟೊ ತೆಗೆಸಿಕೊಂಡರು. ಬೆಳಿಗ್ಗೆ ಎದ್ದು ಶಹಾಪುರದ ಗುಡ್ಡ ನೋಡಿ, ಬುದ್ಧ ಮಲಗಿದ ಹಾಗೆಯೇ ಇದೆ ಎಂದು ಕೈಮುಗಿದರು. ಅವರಿಗೆ ರೊಟ್ಟಿ ಬಡಿಯಲು ರಾಬಿಯಾ ಕರೆಮ್ಮನನ್ನು ಇಟ್ಟುಕೊಂಡಳು. "ನಮ್ಮ ಎತ್ತು ಈ ಮನ್ಯಾಗ ಇದ್ದಿದ್ರ ಅದೂ ಸಾಹೇಬ ಆಗ್ತಿತ್ತು," ಎಂದು ಕರೆಮ್ಮ ಊರಲ್ಲಿ ಹೇಳಿಕೊಂಡು ತಿರುಗಿದಳು.

ರಾಬಿಯಾ ಒಂದು ತಪ್ಪು ಮಾಡಿದ್ದಳು. ಪೇಟೆಯ ಗುತ್ತೇದಾರನ ಮಾತು ಕೇಳಿ ಹಳೆಯ ಮಾಳಿಗೆಯ ಮೇಲೆ ಸಿಮೆಂಟು ಹೊಯ್ಯಿಸಿದ್ದಳು. ಬಿಸಿಲಿಗೆ ಕೆಳಗಿನ ಮಣ್ಣು ಒಂದು ಕಡೆ ಎಳೆಯಿತು, ಸಿಮೆಂಟು ಒಂದು ಕಡೆ ಎಳೆಯಿತು. ಮೊದಲ ಮಳೆಗಾಲದಲ್ಲಿ ಅತಿಥಿಗಳು ಮಂಚದ ಮೇಲೆ ಛತ್ರಿ ಬಿಚ್ಚಿಕೊಂಡು ಕೂತರು. "ಹೊರಗೆ ಮಳೆ ನಿಂತ ಮೇಲೂ ಒಳಗೆ ನಿಲ್ಲಲಿಲ್ಲ," ಎಂದು ಒಬ್ಬರು ಮೊಬೈಲಿನಲ್ಲಿ ಊರಿಗೆಲ್ಲ ಕಾಣುವಂತೆ ಬರೆದರು.

ಆಗ ಅವಳು ಲಾಡ್ಲೇಸಾಬನನ್ನು ಕರೆಸಿದಳು. ಎಂಬತ್ತರ ಹತ್ತಿರದ ಮುದುಕ, ಸುತ್ತಲಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಹಾಕಬಲ್ಲವನು ಅವನೊಬ್ಬನೇ ಉಳಿದಿದ್ದ. ಮೇಲೆ ಹತ್ತಿ, ಕೋಲಿನಿಂದ ಸಿಮೆಂಟು ಕುಟ್ಟಿ ನೋಡಿ, ಉಗುಳಿ ಕೆಳಗಿಳಿದ. "ಇದೆಲ್ಲಾ ತೆಗಸು ಬೇಟಿ. ಕೆಳಗ ತೊಗರಿಕಟ್ಟಿಗಿ, ಬೇವಿನ ಸೊಪ್ಪು, ಕರಿಮಣ್ಣು ನಾ ಹಾಕ್ತೀನಿ. ಮ್ಯಾಲ ಮಾತ್ರ ಸವಳು ಬೇಕು. ಸವಳಿನ್ಯಾಗ ಹುಲ್ಲು ಹುಟ್ಟಂಗಿಲ್ಲ, ಬೇರು ಇಳಿಯಂಗಿಲ್ಲ. ಮೊದಲನೇ ಹನಿಗೇ ಅಂಟಾಗಿ ಬಾಯಿ ಮುಚ್ಕೋತದ. ಹಿಂದಕ ಸವಳು ಸಿಗೂದೇ ಕಷ್ಟ ಇತ್ತು, ಎರಡು ಹರದಾರಿ ಬಂಡಿ ಹೊಡೀತಿದ್ವಿ."

"ಈಗ ಎಲ್ಲಿ ಸಿಗ್ತದ ದಾದಾ?" ಎಂದು ರಾಬಿಯಾ ಕೇಳಿದಳು.

ಅಲ್ಲಿದ್ದವರೆಲ್ಲ ಒಂದೇ ದಿಕ್ಕಿಗೆ ಕೈ ತೋರಿಸಿದರು.

ರಾಬಿಯಾ ಹೋಗಿ, ನಿಮ್ಮ ಹೊಲದ ಮಣ್ಣು ಬೇಕು, ಇಂಥಾ ಮಣ್ಣು ತಾಲ್ಲೂಕಿನಲ್ಲೇ ಇಲ್ಲವಂತೆ ಎಂದಾಗ, ಇದು ತನ್ನನ್ನು ಗೇಲಿ ಮಾಡಲು ನಾನೇ ಕಳಿಸಿದ ಹುಡುಗಿ ಎಂದು ಈಶಪ್ಪ ತಿಳಿದ. ನೇರ ನನ್ನ ಮನೆ ಮುಂದೆ ಬಂದು ನಮ್ಮ ಬೇವಿನ ಮರಕ್ಕೆ ಹತ್ತು ನಿಮಿಷ ಬೈದು ಹೋದ. ಲಾಡ್ಲೇಸಾಬ ಖುದ್ದಾಗಿ ಹೋಗಿ, ಹೊಲದಲ್ಲಿ ಕೂತು, ಮಣ್ಣನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, "ವಾಹ್," ಅಂದ ಮೇಲೆ ನಂಬಿಕೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಆ ಹೊಲವನ್ನು ಹೊಗಳಿದ ಮೊದಲ ಮಾತು ಅದು. ಈಶಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡನಂತೆ.

ಮಣ್ಣು ಕೊಡಲು ಒಪ್ಪಿದ. ಒಂದೇ ಷರತ್ತು: ಮನೆಯ ಬಾಗಿಲಲ್ಲಿ ಬಂದವರಿಗೆಲ್ಲ ಕಾಣುವಂತೆ ಬೋರ್ಡು ಹಾಕಬೇಕು, ತಾನು ಹೇಳಿದ್ದನ್ನು ಬರೆಸಬೇಕು. ರಾಬಿಯಾ ನಕ್ಕು ಒಪ್ಪಿಕೊಂಡಳು. ಬೋರ್ಡು ಬರೆಯುವವನು ಊರಿಗೆ ನಾನೊಬ್ಬನೇ ಎಂಬುದು ಅವಳಿಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

ಅಂಗಳದಲ್ಲಿ ನಾನು ಬಣ್ಣದ ಡಬ್ಬಿ ಹಿಡಿದು ಒಂದು ಕಡೆ, ಅವನು ಇನ್ನೊಂದು ಕಡೆ, ನಡುವೆ ರಾಬಿಯಾ.

"ಬರೀ ಅಂತ ಹೇಳವ್ವಾ ಅವರಿಗೆ," ಅಂದ ಈಶಪ್ಪ. "ಈ ಮಾಳಿಗೆಯ ಮಣ್ಣು ಈಶಪ್ಪನ ಹೊಲದ್ದು. ಈಶಪ್ಪ ತೂಬು ಮುಚ್ಚಿಯೇ ಬಂದಿದ್ದ. ತೆಗೆದವರು ಅಂಬ್ರಪ್ಪ ಮಾಸ್ತರ."

"ಮೊದಲಿನ ಎರಡು ಸಾಲು ಬರೀತೀನಿ, ಮೂರನೇದು ಬರೀಲಿಕ್ಕೆ ನನ್ನ ಕೈಗೇನು ಹುಚ್ಚು ಹಿಡದಿಲ್ಲ ಅಂತ ಹೇಳವ್ವಾ," ಅಂದೆ ನಾನು.

"ಹಂಗಾದ್ರ ಮಣ್ಣಿಲ್ಲ ಅಂತ ಹೇಳವ್ವಾ."

"ಮಣ್ಣಿಲ್ಲಂದ್ರ ನನ್ನ ಮನಿ ಸೋರಂಗಿಲ್ಲ ಅಂತ ಹೇಳವ್ವಾ."

ರಾಬಿಯಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಕಾಕಾ, ಮಾಸ್ತರ್ರೇ, ಮಿರಗದ ಮಳಿ ಬರಾಕ ಎಂಟು ದಿನ ಅದ. ನಿಮ್ಮ ಕಾಲು ಹಿಡಕೋತೀನಿ," ಅಂದಳು. ಕೊನೆಗೆ ಅವಳೇ ಮೂರನೆಯ ಸಾಲು ಕಟ್ಟಿಕೊಟ್ಟಳು. "ತೆಗೆದವರು ಯಾರೆಂದು ದೇವರಿಗೆ ಗೊತ್ತು." ಅದನ್ನು ನಾನು ದುಂಡಗೆ ಬರೆದೆ. ಬಾಗಿಲ ಮೇಲೆ ಏರಿಸಿ ರಾಬಿಯಾ ಜೋರಾಗಿ ಓದಿದಾಗ ಈಶಪ್ಪ ಮದುಮಗನ ಹಾಗೆ ನಿಂತಿದ್ದ. ಕರೆಮ್ಮ ಹಿಟ್ಟಿನ ಕೈಯಲ್ಲೇ ಬಂದು ಕೇಳಿಸಿಕೊಂಡಳು. ಏನೂ ಅನ್ನದೆ ಒಳಗೆ ಹೋದಳು. ಅವಳು ಏನೂ ಅನ್ನದೆ ಇದ್ದದ್ದು ಅದೇ ಮೊದಲ ಸಲ. ನಾವು ಗಂಡಸರು ಅದನ್ನು ಗಮನಿಸಲಿಲ್ಲ.

ಐದು ದಿನ ಬಂಡಿಯ ಮೇಲೆ ಬಂಡಿ ಸವಳು ಬಂತು. ಲಾಡ್ಲೇಸಾಬ ಕುರ್ಚಿ ಹಾಕಿಸಿಕೊಂಡು ಮಾಳಿಗೆಯ ಮೇಲೆ ಕೂತು ಆಳುಗಳಿಂದ ಮಣ್ಣು ಹಾಸಿಸಿ ಬಡಿಸಿದ. ಕೆಳಗೆ ಅತಿಥಿಗಳು ಬರುತ್ತಲೇ ಇದ್ದರು. ಬಂದವರು ಬಾಗಿಲಲ್ಲಿ ನಿಂತು ಬೋರ್ಡು ಓದುತ್ತಿದ್ದರು. ಓದಿ, ಊಟಕ್ಕೆ ಕೂತಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಹಾಗಾದರೆ ತೂಬು ತೆಗೆದವರು ಯಾರಮ್ಮಾ?"

ಕರೆಮ್ಮ ಒಬ್ಬರಿಗೆ, ಎಮ್ಮೆ ಕೊಂಬಿನಿಂದ ತೆಗೆಯಿತು ಎಂದಳು. ಇನ್ನೊಬ್ಬರಿಗೆ, ನೀರೇ ನೂಕಿ ತೆರೆಯಿತು ಎಂದಳು. ರೊಟ್ಟಿ ಸೀಯತೊಡಗಿದವು. ಅಷ್ಟರಲ್ಲಿ ಕಣಜದ ಕೋಣೆಗೆ ಒಬ್ಬ ನಿವೃತ್ತ ಜಡ್ಜ್ ಸಾಹೇಬರು ಬಂದು ನಾಲ್ಕು ದಿನ ಇಳಿದರು. ಕೆಲಸವಿಲ್ಲದೆ ಬೇಸತ್ತ ಮನುಷ್ಯ, ಕೇಸು ಸಿಕ್ಕರೆ ಬಿಟ್ಟಾರೆಯೇ? ಮೊದಲ ದಿನ ಕೇಳಿದರು, ತೂಬು ಊರಿಂದ ಎಷ್ಟು ದೂರ. ಎರಡನೆಯ ದಿನ ಕೇಳಿದರು, ಮಾಸ್ತರರು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದರು. ಮೂರನೆಯ ದಿನ ಪುಂಡಿಪಲ್ಲೆ ಚಪ್ಪರಿಸುತ್ತಾ ಕೇಳಿದರು: "ಬೆಳಿಗ್ಗೆ ಈಶಪ್ಪನಿಗಿಂತ ಮೊದಲು ಆ ದಾರಿಯಲ್ಲಿ ಹೋಗುತ್ತಿದ್ದವರು ಯಾರು?" ಕರೆಮ್ಮ ಅವರ ತಟ್ಟೆಗೆ ಮೇಲಿಂದ ಮೇಲೆ ಮೂರು ರೊಟ್ಟಿ ಹಾಕಿದಳು. ಬಾಯಿ ತುಂಬಿದ್ದರೆ ಪ್ರಶ್ನೆ ಬರುವುದಿಲ್ಲ ಎಂಬ ಲೆಕ್ಕ ಅವಳದು. ಜಡ್ಜರು ಮೂರನ್ನೂ ತಿಂದು, ಪ್ರಶ್ನೆಯನ್ನು ಮತ್ತೆ ಕೇಳಿದರು.

ನಾಲ್ಕನೆಯ ದಿನ ಮಧ್ಯಾಹ್ನ ಮಿರಗದ ಮಳೆ ಬಂತು. ರಾಬಿಯಾ ಹೆದರಿ ಪ್ರತಿ ತೊಲೆಯ ಕೆಳಗೂ ಕೊಡ, ಬಕೆಟ್ಟು, ಬೋಗುಣಿ ಇಡಿಸಿದ್ದಳು. ಮಣ್ಣಿಗೆ ಜಾಮೀನು ಎಂದು ಈಶಪ್ಪನನ್ನು ಕರೆಸಿದ್ದಳು. ಎಲ್ಲರೂ ಪಡಸಾಲೆಯಲ್ಲಿ ನಿಂತು ಮೇಲೆ ನೋಡಿದರು. ಜಡ್ಜರು ಛತ್ರಿ ಹಿಡಿದುಕೊಂಡೇ ಚಹಾ ಕುಡಿದರು. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ. ಹೊರಗೆ ಅಂಗಳ ಕೆರೆಯಾಯಿತು. ಒಳಗಿನ ಬೋಗುಣಿಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಜಡ್ಜರು ಛತ್ರಿ ಮಡಚಿ ಈಶಪ್ಪನ ಕೈಕುಲುಕಿದರಂತೆ.

ಇದನ್ನೆಲ್ಲ ನಾನು ನೋಡಲಿಲ್ಲ. ನಾನು ಮನೆಯಲ್ಲಿ ಕೂತು, ಸೋರಿದರೆ ಸಾಕಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಮುಚ್ಚಿಟ್ಟು ಏನು ಮಾಡಲಿ, ನನ್ನ ಮನಸ್ಸು ಅಷ್ಟೇ ಇತ್ತು. ಆಗ ಮಳೆಯಲ್ಲೇ ತೊಯ್ದುಕೊಂಡು ಈಶಪ್ಪ ನನ್ನ ಕಟ್ಟೆ ಹತ್ತಿದ. ಬೇವಿನ ಮರದ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದ.

"ಮಾಸ್ತರ್ರೇ, ತೂಬು ತೆಗದಾಕಿ ಕರೆಮ್ಮ ಅಂತ್ರಿ."

ನಾನು ಸರಿದು ಕೂರಲು ಜಾಗ ಕೊಟ್ಟೆ. ಅವನು ನಿಂತೇ ಹೇಳಿದ.

"ನಾ ಅಡಗಿಮನ್ಯಾಗ ಹೋಗಿ, ನೋಡ್ದೇನ ನನ್ನ ಹೊಲಾನ, ಒಂದ್ ಹನಿ ಬಿಟ್ಟಿಲ್ಲ ಅಂದೆ. ಅಕಿ ಹಿಟ್ಟಿನ ಕೈಲೇ ಮುಖಾ ಮುಚ್ಕೊಂಡು ಅಳಾಕತ್ತಳ್ರಿ. ನಸುಕಿನ್ಯಾಗ ಕ್ಯಾಂಪಿಗಿ ನಾಟಿಗಿ ಹೋಗೂಮುಂದ ದಿನಾ ತೆಗೀತಿದ್ದೆ ಅಂದಳು. ಕ್ಯಾಂಪಿನ ಮಂದಿ ಮೂರು ಹೊತ್ತು ಅನ್ನ ಉಣತಿದ್ರು. ನಮ್ಮ ಮನ್ಯಾಗ ಅನ್ನ ಅಂದ್ರ ಹಬ್ಬಕ್ಕ, ಇಲ್ಲಾ ಜ್ವರಕ್ಕ. ಹೊಲ ಹಸಿ ಆದ್ರ ಈ ಮಬ್ಬ ಮನಿಷ್ಯಾ ಜೋಳ ಬಿಟ್ಟು ಭತ್ತ ಹಚ್ತಾನ ಅಂತ ತೆಗದಳಂತ. ಮಗಳಿಗಿ ದಿನಾ ಅನ್ನ ಉಣಸೂ ಆಸೆ ಇತ್ತಂತ್ರಿ. ಉಪ್ಪು ಬರ್ತದ ಅಂತ ಅಕಿಗೇನು ಗೊತ್ತು?"

"ಮತ್ತ ಇಷ್ಟು ವರ್ಷ ನಿನಗ ಬೈದಳಲ್ಲೋ!"

"ನಾನೂ ಅದನ್ನೇ ಕೇಳ್ದೆ. ಬೈದಷ್ಟು ಹೊತ್ತು ತಪ್ಪು ನನ್ನದಲ್ಲ ಅನಸ್ತಿತ್ತು ಅಂದಳು."

ನನಗೆ ಇಪ್ಪತ್ತೆರಡು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಪಂಚಾಯಿತಿ, ಚಹಾದಂಗಡಿ, ಆಡು, ಬೇವಿನ ಮರ ಎಲ್ಲ ನೆನಪಾದವು. ಈಗಲೇ ನಾಲ್ಕು ಮಂದಿಯನ್ನು ಕೂಡಿಸಿ ಹೇಳಿಸುತ್ತೇನೆ ಎಂದು ಚಪ್ಪಲಿ ಹುಡುಕಿದೆ. "ನಡಿ. ನೀ ಮುಚ್ಚಿದ್ದೂ ಖರೆ, ನಾ ತೆಗೀದೇ ಇದ್ದದ್ದೂ ಖರೆ. ಇವತ್ತು ಊರಿಗೆ ಗೊತ್ತಾಗಲಿ," ಅಂದೆ.

ಈಶಪ್ಪ ಅಡ್ಡ ನಿಂತ.

"ಬ್ಯಾಡ್ರಿ. ಬೋರ್ಡು ಅಳಸ್ರಿ. ಬಂದವರೆಲ್ಲ ಅಕಿಗೇ ಕೇಳ್ತಾರ. ಅಕಿ ಬಡಿಯೂ ರೊಟ್ಟಿ ಹರ್ಯಾಕತ್ತಾವ್ರಿ."

"ಅಳಿಸಿ ಏನಂತ ಬರೀಲೋ?"

ಅವನು ಟವೆಲ್ಲು ಹಿಂಡಿ ಹೆಗಲಿಗೆ ಹಾಕಿಕೊಂಡ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಈಶಪ್ಪ ತೂಬು ಮುಚ್ಚೂದು ಮರತಿದ್ದ ಅಂತ ಬರೀರಿ."

ಜೀವಮಾನವೆಲ್ಲ ಕಾದ ಮಾತು ಆವತ್ತು ಅವನ ಕೈಗೆ ಬಂದಿತ್ತು. ಒಂದು ಗಂಟೆಯೂ ಇಟ್ಟುಕೊಳ್ಳಲಿಲ್ಲ.

ಮಳೆ ನಿಂತ ಮೇಲೆ ಇಬ್ಬರೂ ಹೋದೆವು. ಮೂವತ್ತೊಂದು ವರ್ಷ ಮಕ್ಕಳಿಗೆ ಸುಳ್ಳು ಬರೆಯಬೇಡಿ ಎಂದು ಕಿವಿ ಹಿಂಡಿದವನು ನಾನು. ಅಂದು ಒಂದು ಸುಳ್ಳನ್ನು ದಪ್ಪ ಅಕ್ಷರದಲ್ಲಿ, ದೂರದಿಂದಲೂ ಕಾಣುವಂತೆ ಬರೆದೆ. ಈಶಪ್ಪ ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದ.